ಕಾಯಿಸಿ ಆರಿಸಿದ ನೀರು

ಆ ಬೇಸಿಗೆಯ ಮೊದಲ ಸಾವುಗಳು ಮಧ್ಯಾಹ್ನದ ಊಟದ ಹೊತ್ತಿಗೆ ಆದವು. ಅಂಗಡಿಗೆ ವಾರದ ರಜೆಯಾಗಿ ಮನೆಯಲ್ಲಿದ್ದ ಗಂಡನಿಗೂ ಅತ್ತೆಗೂ ಬಡಿಸಿ ತಾನೂ ತಟ್ಟೆಯ ಮುಂದೆ ಕುಳಿತವಳಿಗೆ ಹಿತ್ತಲಿನಿಂದ ಬರಬೇಕಾದ ಸದ್ದು ಬರುತ್ತಿಲ್ಲ ಅನ್ನಿಸಿತು. ಕೋಳಿ ಸಾಕಿದವರ ಕಿವಿಯ ಒಂದು ಮೂಲೆ ಯಾವಾಗಲೂ ಶೆಡ್ಡಿನ ಕಡೆಗೇ ಇರುತ್ತದೆ. ಎಂಜಲು ಕೈಯಲ್ಲೇ ಎದ್ದುಹೋಗಿ ನೋಡಿದಳು. ಮೂರು ಕೋಳಿ ರೆಕ್ಕೆ ಹರಡಿಕೊಂಡು ಹೊಟ್ಟಿನ ಮೇಲೆ ಬಿದ್ದಿದ್ದವು. ಉಳಿದವು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಗೆ ತಾಗದ ಹಾಗೆ ಎತ್ತಿ ಹಿಡಿದು, ಗಂಟಲು ಬಡಿದುಕೊಳ್ಳುತ್ತ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಕೂಗುವುದಕ್ಕೂ ಉಸಿರು ಬೇಕಲ್ಲ.

ವಾಪಸು ಬಂದು ಮೂರು ಹೋದವು ಅಂದಳು. ಗಂಡ ತಟ್ಟೆಯಿಂದ ತಲೆ ಎತ್ತದೆ ಮೊದಲು ಊಟ ಮುಗಿಸು ಅಂದ. ಅತ್ತೆ ಮಾತ್ರ ನೀರಿನ ಲೋಟ ಕೆಳಗಿಟ್ಟು, ನೀರು ಚೆನ್ನಾಗಿತ್ತಾ ಎಂದು ಕೇಳಿದರು. ಆ ಮನೆಯಲ್ಲಿ ಯಾರಿಗೆ ಏನಾದರೂ ಅತ್ತೆ ಮೊದಲು ಕೇಳುವ ಪ್ರಶ್ನೆ ಅದೇ ಆದ್ದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಡನಿಗೆ ಪೇಟೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇತ್ತು. ಸುಟ್ಟುಹೋದ ಪಂಪು, ನಿಂತುಹೋದ ಫ್ಯಾನು, ಇವುಗಳ ಹೊಟ್ಟೆಯಿಂದ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿಕೊಡುವ ಕೆಲಸ. ಬೇಸಿಗೆ ಬಂತೆಂದರೆ ಅವನಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಅಂಗಡಿ ದೊಡ್ಡದು ಮಾಡುವ ಹುರುಪಿನಲ್ಲಿ ಒಂದು ಕಾಲಕ್ಕೆ ಹಿತ್ತಲಿನಲ್ಲಿ ತಗಡಿನ ಶೆಡ್ಡು ಕಟ್ಟಿಸಿದ್ದ. ಓಣಿಯೊಳಗೆ ಹೊಕ್ಕು ಮನೆ ಹಿಂದಿನ ಶೆಡ್ಡಿಗೆ ಯಾವ ಗಿರಾಕಿ ಬರುತ್ತಾನೆ? ಅದು ಖಾಲಿ ಬಿದ್ದಿತ್ತು. ಖಾಲಿ ಬಿದ್ದ ಜಾಗದಲ್ಲಿ ಅವಳು ಮೊಟ್ಟೆಕೋಳಿಯ ಮರಿ ತಂದು ಬಿಟ್ಟಳು. ಗಂಡ ನಕ್ಕ. ಮರಿಗಳು ದೊಡ್ಡವಾಗಿ ಬುಟ್ಟಿಗಟ್ಟಲೆ ಮೊಟ್ಟೆ ಬಂದಾಗ ನಗುವುದನ್ನು ಬಿಟ್ಟ.

ಅವಳಿಗೆ ಮೊಟ್ಟೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ಶೆಡ್ಡಿನ ಬಾಗಿಲು. ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗುವುದು ಅಂತ ಒಂದು ಇರುತ್ತದಲ್ಲ, ಗಂಡನಿಗೆ ಅಂಗಡಿ, ಮಗಳಿಗೆ ಕಾಲೇಜು. ಮದುವೆಯಾಗಿ ಬಂದ ಮೇಲೆ ಅವಳಿಗೆ ಅಂಥದ್ದೊಂದು ಇರಲಿಲ್ಲ. ಈಗ ಹಿತ್ತಲು ದಾಟಿದರೆ ಇತ್ತು. ಅಲ್ಲಿ ಅವಳು ಗಟ್ಟಿಯಾಗಿ ಮಾತಾಡುತ್ತಿದ್ದಳು, ಕೋಳಿಗಳನ್ನು ಬೈಯುತ್ತಿದ್ದಳು, ಒಮ್ಮೊಮ್ಮೆ ರಾಗ ತಪ್ಪಿದ ಹಾಡೂ ಹಾಡುತ್ತಿದ್ದಳು. ತವರಲ್ಲಿ ಬಾಯಿಬಡುಕಿ ಅನ್ನಿಸಿಕೊಂಡಿದ್ದ ಹುಡುಗಿ ಆ ಶೆಡ್ಡಿನೊಳಗೆ ಇನ್ನೂ ಬದುಕಿದ್ದಳು.

ಸಂಜೆ ಗಂಡ ವಿಷಯ ತೆಗೆದ. ಬಣ್ಣದ ಅಂಗಡಿಯವನು ಮತ್ತೆ ಕೇಳಿದ್ದಾನೆ, ಡಬ್ಬಗಳನ್ನು ಇಡಲು ಅವನಿಗೆ ಗೋದಾಮು ಬೇಕು, ಶೆಡ್ಡು ಕೊಟ್ಟರೆ ಕೂತಲ್ಲೇ ಬಾಡಿಗೆ. ಈ ಬಿಸಿಲಿನಲ್ಲಿ ಕೋಳಿಗಳು ಉಳಿಯುವುದಿಲ್ಲ. ಸಾಯುವ ಮುಂಚೆ ಮಾಂಸದವನಿಗೆ ತೂಗಿಬಿಡುವುದು ಬುದ್ಧಿವಂತಿಕೆ.

"ಬಿಸಿಲು ಹೋದ ಮೇಲೆ ಮತ್ತೆ ಮೊಟ್ಟೆ ಇಡ್ತಾವೆ ಕಣ್ರೀ," ಅಂದಳು ಅವಳು.

"ಬಿಸಿಲು ಹೋಗೋವರೆಗೆ ಅವು ಇರಬೇಕಲ್ಲ."

"ಒಂದು ತಿಂಗಳು ಕೊಡಿ."

ಅವನು, ಸರಿ, ತಿಂಗಳ ಕೊನೆಗೆ ಬಣ್ಣದ ಅಂಗಡಿಯವನನ್ನು ಕರೆಸುತ್ತೇನೆ, ಅಷ್ಟರಲ್ಲಿ ಸಾವು ನಿಂತರೆ ನಿನ್ನ ಅದೃಷ್ಟ ಅಂದ. ಅವನು ಕೆಟ್ಟ ಮನುಷ್ಯನಲ್ಲ. ಯಾವುದು ಓಡುವುದಿಲ್ಲವೋ ಅದನ್ನು ಬಿಚ್ಚಿಹಾಕುವುದು ಅವನ ಕಸುಬು.

ಮರುದಿನ ಕೋಳಿ ಡಾಕ್ಟರು ಬೈಕಿನಲ್ಲಿ ಬಂದರು. ಅವರು ಹೆಲ್ಮೆಟ್ಟು ತೆಗೆಯದೆ ಮಾತಾಡುವವರು, ಆದ್ದರಿಂದ ಎಲ್ಲವನ್ನೂ ಎರಡೆರಡು ಸಲ ಕೇಳಬೇಕು. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ಬಿಟ್ಟು ಏದುಸಿರು ಬಿಡುವುದೊಂದೇ ಅದಕ್ಕೆ ದಾರಿ ಎಂದು ವಿವರಿಸಿದರು. ಮೈಗೆ ಬೇಕಾದ ಸಿ ವಿಟಮಿನ್ನನ್ನು ಕೋಳಿ ತಾನೇ ಮಾಡಿಕೊಳ್ಳುತ್ತದಂತೆ. ಆದರೆ ಇಂಥ ಸೆಕೆಯಲ್ಲಿ ಅದು ಮಾಡಿಕೊಂಡಷ್ಟು ಸಾಲುವುದಿಲ್ಲ, ನಾವು ಕೊಡಬೇಕು. ಬಿಳಿ ಪುಡಿಯ ಪೊಟ್ಟಣವನ್ನು ಬೆಳಗಿನ ತಂಪಿನಲ್ಲೇ ಕುಡಿಯುವ ನೀರಿಗೆ ಬೆರೆಸಬೇಕು, ಬಿಸಿಲೇರುವ ಮುಂಚೆ ಆ ನೀರು ಖಾಲಿಯಾಗಬೇಕು. ಇ ವಿಟಮಿನ್ನಿನ ಪುಡಿಯನ್ನು ತಿಂಡಿಗೆ ಕಲಸಬೇಕು. ನಡುಮಧ್ಯಾಹ್ನ ತಿಂಡಿ ಹಾಕಲೇಬಾರದು, ತಿಂದದ್ದು ಅರಗುವಾಗ ಮೈ ಇನ್ನೂ ಕಾಯುತ್ತದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಡಾಕ್ಟರ ಬೈಕು ಓಣಿ ದಾಟಿದ ಮೇಲೆ, ನಾನು ಹದಿನೈದು ದಿನದಿಂದ ಏದುಸಿರು ಬಿಡುತ್ತಿದ್ದೇನೆ, ನನಗೆ ಯಾವ ಡಾಕ್ಟರೂ ಬರಲಿಲ್ಲ ಎಂದರು.

"ಅಜ್ಜೀ, ನೀನೂ ದಿನಕ್ಕೊಂದು ಮೊಟ್ಟೆ ಇಡು, ಕರೆಸ್ತೀವಿ," ಅಂದಳು ಮೊಮ್ಮಗಳು. ಅವಳ ಬಾಯಿ ನೋಡಿ ಮನೆಮಂದಿಯೆಲ್ಲ ಅವಳನ್ನು ಚಿನಕುರುಳಿ ಅಂತಲೇ ಕರೆಯುತ್ತಿದ್ದರು.

"ಇಟ್ಟೇ ನಿಮ್ಮಪ್ಪನ್ನ ಸಾಕಿದ್ದು ಕಣೇ," ಅಂದರು ಅತ್ತೆ.

ಅಂದಿನಿಂದ ಅವಳ ಬೆಳಗು ಮನೆಯವರೆಲ್ಲರಿಗಿಂತ ಮೊದಲಾಯಿತು. ಶೆಡ್ಡಿನ ಮೂಲೆಯ ನೀಲಿ ಡ್ರಮ್ಮಿಗೆ ನೀರು ತುಂಬಿ, ಪೊಟ್ಟಣ ಒಡೆದು ಸುರಿದು, ಉದ್ದನೆಯ ಕೋಲಿನಲ್ಲಿ ತಿರುವುತ್ತಿದ್ದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರೆ ಚುರುಕ್ಕನೆ ಹುಳಿ. ಆಮೇಲೆ ಒಲೆಯ ಕೆಲಸಕ್ಕೆ ಹೋಗಿ, ಗಂಡನ ಬುತ್ತಿ ಕಟ್ಟಿ, ಮಗಳನ್ನು ಎಬ್ಬಿಸಿ, ಮರಳಿ ಬಂದು ಡ್ರಮ್ಮಿನಿಂದ ಬಟ್ಟಲುಗಳಿಗೆ ನೀರು ಹೊಯ್ಯುತ್ತಿದ್ದಳು. ಗೋಣಿತಾಟುಗಳನ್ನು ನೆನೆಸಿ ಜಾಲರಿಗೆ ಇಳಿಬಿಡುತ್ತಿದ್ದಳು. ತಿಂಡಿ ಕಲಸುವಾಗ ಇ ವಿಟಮಿನ್ನು ಒಂದೇ ಕಡೆ ಸೇರದ ಹಾಗೆ ಮೊದಲು ಒಂದು ಹಿಡಿಗೆ, ಅದನ್ನು ಒಂದು ಬುಟ್ಟಿಗೆ, ಅದನ್ನು ರಾಶಿಗೆ ಬೆರೆಸುತ್ತಿದ್ದಳು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಕೋಳಿಗೆ ವಿಟಮಿನ್ನು, ನಮಗೆ ನಿನ್ನೆಯ ಪಲ್ಯ ಎಂದು ಚಿನಕುರುಳಿ ತಟ್ಟೆಯ ಮುಂದೆ ಗೊಣಗಿದಳು.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಒಂದು ದಿನ ಎರಡು, ಒಂದು ದಿನ ಐದು. ಮೊಟ್ಟೆಯ ಸಿಪ್ಪೆ ಹಿಡಿದರೆ ಬಿರಿಯುವಷ್ಟು ತೆಳ್ಳಗಾಯಿತು. ಸತ್ತವನ್ನು ಅವಳು ಹಿತ್ತಲ ಗೋಡೆಯ ಪಕ್ಕ ಗುಂಡಿ ತೋಡಿ ಹೂಳುತ್ತಿದ್ದಳು. ಅತ್ತೆ ಅದಕ್ಕೂ ಸುಣ್ಣ ಹಾಕಿದೆಯಾ, ಆಳ ತೋಡಿದೆಯಾ, ಬಾವಿ ಕಡೆ ಅಲ್ಲ ತಾನೇ ಎಂದು ಬೆನ್ನ ಹಿಂದೆ ನಿಂತು ಕೇಳುತ್ತಿದ್ದರು.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವಳ ಸಹನೆ ತಪ್ಪಿತು. ಗಂಡ ಸುಮ್ಮನೆ, ಇವತ್ತೆಷ್ಟು ಅಂದಿದ್ದಷ್ಟೇ.

"ಊರಿಗೆಲ್ಲ ಫ್ಯಾನು ತಿರುಗಿಸ್ತೀರಿ. ನನ್ನ ಶೆಡ್ಡಿಗೆ ಒಂದು ತಿರುಗಲಿಲ್ಲ."

"ಅಂಗಡೀಲಿರೋದು ಗಿರಾಕಿಗಳದ್ದು. ನಂದಲ್ಲ."

"ಗಿರಾಕಿ ಆಗಿ ಬಂದು ಕೇಳ್ತೀನಿ ಬಿಡಿ ನಾಳೆ."

ಚಿನಕುರುಳಿ ಕಿಸಕ್ಕನೆ ನಕ್ಕು, ಅಪ್ಪನ ಮುಖ ನೋಡಿ ಅನ್ನದೊಳಗೆ ತಲೆ ತಗ್ಗಿಸಿದಳು. ಗಂಡ ಮರುದಿನ ಸಂಜೆ, ಯಾರೋ ರಿಪೇರಿಗೆ ಕೊಟ್ಟು ವಾಪಸು ಕೇಳಲು ಬಾರದ ಒಂದು ದೊಡ್ಡ ಫ್ಯಾನನ್ನು ಹೆಗಲ ಮೇಲೆ ಹೊತ್ತು ತಂದು, ಶೆಡ್ಡಿನ ತೊಲೆಗೆ ಕಟ್ಟಿದ. ಅದು ಬಿಸಿಗಾಳಿಯನ್ನೇ ತಿರುಗಿಸಿದರೂ ಗಾಳಿ ಗಾಳಿಯೇ. ಆದರೂ ಕೋಳಿಗಳು ಸತ್ತವು.

ಅವಳು ಗಮನವಿಟ್ಟು ನೋಡತೊಡಗಿದಳು. ಕೋಳಿಗಳು ನೀರಿನ ಬಟ್ಟಲಿಗೆ ಬರುತ್ತಿದ್ದವು, ಕೊಕ್ಕು ಅದ್ದುತ್ತಿದ್ದವು, ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಬಾಯಾರಿ ಸಾಯುವ ಜೀವ ನೀರಿಗೆ ಮುಖ ತಿರುಗಿಸುತ್ತದೆಯೇ? ಒಂದು ಮಧ್ಯಾಹ್ನ ತನಗೇ ಗಂಟಲು ಒಣಗಿ, ಮನೆವರೆಗೆ ಹೋಗಲು ಬೇಸರವಾಗಿ, ಅದೇ ಡ್ರಮ್ಮಿನ ತಳದಿಂದ ಒಂದು ಚೊಂಬು ಬಗ್ಗಿಸಿಕೊಂಡು ಬಾಯಿಗಿಟ್ಟಳು. ಉಗುಳಿಬಿಟ್ಟಳು. ಹುಳಿಯ ಸುಳಿವಿಲ್ಲ. ಗಂಟಲು ಸುಡುವಷ್ಟು ಬ್ಲೀಚಿಂಗ್ ಪೌಡರು.

ಹಾಗೆ ನೋಡಿದರೆ ಆ ವಾಸನೆ ಅವಳಿಗೆ ಹೊಸದಲ್ಲ, ಅದಕ್ಕೇ ದಿನವೂ ನೀರು ಹೊಯ್ಯುವಾಗ ಮೂಗಿಗೆ ಹತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ತಿಂಗಳು ಈ ಮನೆಯ ನೀರನ್ನು ಮೂಗು ಮುಚ್ಚಿಕೊಂಡು ಕುಡಿದಿದ್ದಳು. ತವರಿನ ಬಾವಿಯ ನೀರು ಕನಸಿನಲ್ಲಿ ಬರುತ್ತಿತ್ತು. ಅತ್ತೆ ಕುಡಿಯುವ ನೀರಿಗೂ, ಪಾತ್ರೆ ತೊಳೆಯುವ ನೀರಿಗೂ, ಬಾವಿಗೂ, ತೊಟ್ಟಿಗೂ ಬ್ಲೀಚಿಂಗ್ ಪೌಡರು ಹಾಕುತ್ತಿದ್ದರು. ಬೆನ್ನು ಬಗ್ಗಿದ ಮೇಲೆ ಅಡುಗೆಮನೆಯನ್ನು ಸೊಸೆಗೆ ಬಿಟ್ಟರು, ಬೀರುವಿನ ಬೀಗದ ಕೈ ಬಿಟ್ಟರು, ಮಗನನ್ನೂ ಬಹುಮಟ್ಟಿಗೆ ಬಿಟ್ಟುಕೊಟ್ಟರು. ನೀರನ್ನು ಬಿಡಲಿಲ್ಲ. ಯಾಕೆಂದು ಅವಳಿಗೆ ಗಂಡನ ಚಿಕ್ಕಮ್ಮ ಯಾವಾಗಲೋ ಪಿಸುಗುಟ್ಟಿದ್ದರು. ಗಂಡನಿಗಿಂತ ದೊಡ್ಡದೊಂದು ಹೆಣ್ಣುಮಗು ಇತ್ತಂತೆ. ಕೆಟ್ಟ ನೀರು ಕುಡಿದು ವಾಂತಿಭೇದಿಯಾಗಿ ಒಂದೇ ಹಗಲಿನಲ್ಲಿ ಹೋಯಿತಂತೆ. ಆಗ ಗಂಡ ಕೈಗೂಸು. ಅತ್ತೆಯ ಮುಂದೆ ಅದರ ಮಾತು ಎತ್ತಬೇಡ ಎಂದು ಚಿಕ್ಕಮ್ಮ ಹೇಳಿದ್ದರು. ಅವಳು ಎತ್ತಿರಲಿಲ್ಲ. ಯಾರೂ ಎತ್ತುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪುಡಿ ಬೆರೆಸಿ ಮನೆಯೊಳಗೆ ಹೋದಂತೆ ಮಾಡಿ, ಸೌದೆ ರಾಶಿಯ ಮರೆಯಲ್ಲಿ ನಿಂತಳು. ಅತ್ತೆ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ತಗಡಿನ ಡಬ್ಬಿ ತೆಗೆದು ಒಂದು ಚಮಚ ಹಾಕಿದರು, ಕೋಲಿನಿಂದ ತಿರುವಿದರು, ಬಗ್ಗಿ ಮೂಸಿದರು. ಹುಬ್ಬು ಗಂಟಿಕ್ಕಿತು. ವಾಸನೆ ಇಲ್ಲ. ಹಾಕಿದೆನೋ ಇಲ್ಲವೋ ಎಂಬಂತೆ ಡಬ್ಬಿಯೊಳಗೆ ನೋಡಿದರು. ಇನ್ನೊಂದು ಚಮಚ ಹಾಕಿದರು. ಮತ್ತೆ ಮೂಸಿದರು. ಮತ್ತೊಂದು. ವಾಸನೆ ಮೂಗಿಗೆ ಹತ್ತುವವರೆಗೂ ಹಾಕಿ, ಮುಖದಲ್ಲಿ ನೆಮ್ಮದಿ ಕಂಡ ಮೇಲೆ ಮುಚ್ಚಳ ಮುಚ್ಚಿ, ಸೆರಗಿನಿಂದ ಮುಚ್ಚಳವನ್ನು ಒರೆಸಿ ಹೋದರು.

ಅವಳು ಡಾಕ್ಟರಿಗೆ ಫೋನು ಮಾಡಿ, ಎರಡೂ ಸೇರಿದರೆ ಏನಾಗುತ್ತದೆಂದು ಕೇಳಿದಳು. ಒಂದನ್ನೊಂದು ತಿಂದುಹಾಕುತ್ತವಮ್ಮ ಎಂದರು ಅವರು. ವಿಟಮಿನ್ನು ಬ್ಲೀಚಿಂಗಿನ ವಾಸನೆಯನ್ನು ಅಳಿಸುತ್ತದೆ, ಹಾಗೆ ಅಳಿಸುತ್ತಲೇ ತಾನೂ ಮುಗಿದುಹೋಗುತ್ತದೆ. ಮೇಲೆ ಹಾಕಿದ್ದೆಲ್ಲ ಬರೀ ಘಾಟು. ಆ ಘಾಟಿಗೆ ಕೋಳಿ ನೀರು ಕುಡಿಯುವುದಿಲ್ಲ, ನೀರು ಕುಡಿಯದಿದ್ದರೆ ಈ ಸೆಕೆಯಲ್ಲಿ ಅರ್ಧ ದಿನವೂ ಬದುಕುವುದಿಲ್ಲ. ಯಾರು ಹಾಕಿದ್ದು ಎಂದು ಕೇಳಿದರು.

"ನಾನೇ, ಗೊತ್ತಿಲ್ದೆ," ಅಂದಳು.

ಅಲ್ಲಿಯವರೆಗೆ ಸರಿಯಾಗೇ ನಡೆದವಳು ಆಮೇಲೆ ತಪ್ಪು ಮಾಡಿದಳು. ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯದೆ, ಹೇಳುವುದನ್ನು ತಪ್ಪಿಸಿಕೊಳ್ಳಲು ಶೆಡ್ಡಿನ ಬಾಗಿಲಿಗೆ ಬೀಗ ಹಾಕಿದಳು. ಪುಡಿ ಬೆರೆಸಿ, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಒಲೆಯ ಮುಂದೆ ಕುಳಿತಳು. ಕಿಟಕಿಯಿಂದ ಅತ್ತೆ ಕಾಣುತ್ತಿದ್ದರು. ಡಬ್ಬಿ ಹಿಡಿದು ಬೀಗದ ಮುಂದೆ ನಿಂತಿದ್ದರು. ಬೀಗವನ್ನು ಎಳೆದು ನೋಡಲಿಲ್ಲ. ಬಿಸಿಲು ಪಾದಕ್ಕೆ ಬರುವವರೆಗೂ ನಿಂತಿದ್ದು ಒಳಗೆ ಬಂದರು.

ಅಂದು ಮಧ್ಯಾಹ್ನ ಅತ್ತೆ ಊಟಕ್ಕೆ ಬರಲಿಲ್ಲ. ಹಸಿವಿಲ್ಲ ಅಂದರು. ಸಂಜೆ ಟೀ ಬೇಡ ಅಂದರು. ರಾತ್ರಿ ಮಗ ಕರೆದಾಗ ಮಾತ್ರ, ನಿನ್ನ ಹೆಂಡತಿ ಒಲೆಗೂ ಬೀಗ ಹಾಕಿರಬೇಕು, ನೋಡಿ ಬಾ ಹೋಗು ಎಂದರು. ಗಂಡ ಅವಳ ಮುಖ ನೋಡಿದ. ಅವಳು ಅತ್ತೆಯ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತಳು. ಪುಡಿ, ವಾಸನೆ, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

"ಅಂದ್ರೆ ಕೋಳೀನ ನಾನು ಕೊಂದೆ ಅಂತೀಯಾ?"

"ಹಾಗಲ್ಲ ಅತ್ತೆ."

"ಹಾಗೇ ಅದು." ಅತ್ತೆ ಗೋಡೆಯ ಕಡೆ ತಿರುಗಿದರು. "ಪುಡಿ ಹಾಕದ ನೀರು ಕುಡಿದ್ರೆ ಏನಾಗುತ್ತೆ ಗೊತ್ತಾ ನಿಂಗೆ?"

ಗೊತ್ತಿಲ್ಲ ಎಂದುಬಿಡುವುದು ಅಭ್ಯಾಸವಾಗಿಹೋಗಿತ್ತು. ಅವಳು ತಡೆದಳು.

"ಗೊತ್ತು ಅತ್ತೆ."

ಅತ್ತೆ ನಿಧಾನವಾಗಿ ತಿರುಗಿದರು. ಯಾರು ಹೇಳಿದರೆಂದು ಕೇಳಲಿಲ್ಲ.

"ಅವನಿಗೂ ಗೊತ್ತಾ?"

"ಅವರಿಗೂ ಗೊತ್ತು."

"ಈ ಚೋಟುದ್ದದವಳಿಗೆ?"

"ಅವಳಿಗೂ."

"ಎಲ್ಲರಿಗೂ ಗೊತ್ತಿದ್ದು," ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು, "ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಒಂದು ದಿನ ಅವಳು ಹೇಗಿದ್ಲು ಅಂತ ಕೇಳಲಿಲ್ಲವಲ್ಲೇ."

ಬಾಗಿಲಲ್ಲಿ ನಿಂತಿದ್ದ ಗಂಡ ಅಲ್ಲಿಂದ ಹೊರಟುಹೋದ. ಅವನ ಚಪ್ಪಲಿಯ ಸದ್ದು ಅಂಗಳದವರೆಗೆ ಹೋಗಿ ನಿಂತಿತು. ಅವಳು ಕುಳಿತಲ್ಲೇ ಕುಳಿತಳು. ಕೇಳಬೇಕೆನ್ನಿಸಿತು, ಹೇಗಿದ್ಲು ಅತ್ತೆ ಅಂತ. ಈಗ ಕೇಳಿದರೆ ಹೇಳಿಸಿಕೊಂಡು ಕೇಳಿದ ಹಾಗಾಗುತ್ತದೆ. ಸುಮ್ಮನೆ ಎದ್ದು ಅನ್ನ ಕಲಸಿ ತಂದಿಟ್ಟಳು. ಅತ್ತೆ ಅರ್ಧ ತಿಂದರು.

ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು. ಚಿನಕುರುಳಿಯೂ ಬಾಯಿಗೆ ಬೀಗ ಹಾಕಿಕೊಂಡಳು. ಶೆಡ್ಡಿನ ಬೀಗವನ್ನು ಅವಳು ತೆಗೆದಿದ್ದಳು. ಅತ್ತೆ ಡಬ್ಬಿ ಹಿಡಿದು ಬರಲಿಲ್ಲ, ಅವಳು ಪುಡಿಯನ್ನೂ ಬೆರೆಸಲಿಲ್ಲ. ಬರೀ ನೀರು ಕೊಟ್ಟಳು. ಕೋಳಿಗಳು ಕುಡಿದವು, ಆದರೂ ಬಿಸಿಲಿಗೆ ಒಂದೆರಡು ಬಿದ್ದವು. ಅವಳಿಗೆ ಪೊಟ್ಟಣ ಒಡೆಯಲು ಕೈ ಬರುತ್ತಿರಲಿಲ್ಲ.

ಮೂರನೆಯ ಸಂಜೆ ಹಿತ್ತಲಿನಿಂದ ಹೊಗೆ ಬಂತು. ಓಡಿಹೋಗಿ ನೋಡಿದರೆ ಅತ್ತೆ ಸ್ನಾನದ ದೊಡ್ಡ ಹಂಡೆಯನ್ನು ಹೊರಗಿನ ಕಲ್ಲೊಲೆಯ ಮೇಲೆ ಏರಿಸಿ ಉರಿ ಹಾಕುತ್ತಿದ್ದರು. ಅಷ್ಟು ದೊಡ್ಡ ಹಂಡೆಯನ್ನು ಒಬ್ಬರೇ ಹೇಗೆ ಎತ್ತಿದರೋ.

"ಕಾಯಿಸಿದ ನೀರಿಗೆ ನಿನ್ನ ಆ ಹುಳಿಪುಡಿ ಆಗಿಬರುತ್ತಾ, ಕೇಳು ಡಾಕ್ಟರಿಗೆ," ಅಂದರು ಅತ್ತೆ, ಅವಳ ಮುಖ ನೋಡದೆ.

ಡಾಕ್ಟರು ಫೋನಿನಲ್ಲಿ ನಕ್ಕರು. ಆಗಿಬರುತ್ತದಮ್ಮ, ಚೆನ್ನಾಗಿ ಆರಿರಬೇಕಷ್ಟೇ ಎಂದರು. ಕೋಳಿಗೆ ನೀರು ಕಾಯಿಸಿ ಕೊಡುವವರನ್ನು ತಾನು ನೋಡಿದ್ದಿಲ್ಲ, ಆದರೆ ಬೇಡ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ ಎಂದರು. ಗಂಡ ಅಂಗಡಿಯಿಂದ ಬಂದವನು ಹಂಡೆ ನೋಡಿ, ಸೆಕೆಗೆ ಸಾಯುವ ಕೋಳಿಗೆ ಬಿಸಿನೀರಾ, ಈ ಮನೆಯವರಿಗೆ ಬಿಸಿಲು ತಲೆಗೇರಿದೆ ಎಂದ. ಅತ್ತೆ ಸೌದೆ ಮುಂದಕ್ಕೆ ತಳ್ಳಿದರು. ಅವನು ಸ್ವಲ್ಪ ಹೊತ್ತು ನಿಂತು ನೋಡಿ, ಅಂಗಿ ಬಿಚ್ಚಿಟ್ಟು, ಸೌದೆ ಒಡೆದುಕೊಟ್ಟ.

ಕುದಿದ ನೀರನ್ನು ಮಣ್ಣಿನ ಗುಡಾಣಗಳಿಗೆ ಸುರಿದು, ತೆಳು ಬಟ್ಟೆ ಕಟ್ಟಿ, ಗಾಳಿಯಾಡುವ ಕಡೆ ಇಟ್ಟರು. ಬೆಳಗಾಗುವಾಗ ಗುಡಾಣದ ಮೈ ಬೆವರಿತ್ತು, ನೀರು ತಣ್ಣಗಿತ್ತು. ಅತ್ತೆಯೇ ಕೈ ಅದ್ದಿ ನೋಡಿದರು. ಅವಳು ಪೊಟ್ಟಣ ಒಡೆದಳು. ಬಟ್ಟಲಿಗೆ ಹೊಯ್ದ ಕೂಡಲೇ ಕೋಳಿಗಳು ನುಗ್ಗಿದವು. ಕೊಕ್ಕು ಅದ್ದಿ, ತಲೆ ಎತ್ತಿ, ನುಂಗಿ, ಮತ್ತೆ ಅದ್ದಿ. ಅತ್ತೆ ಬಾಗಿಲಿಗೆ ಒರಗಿ ನಿಂತು, ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

"ಕುಡಿದು ಮೇಲಕ್ಕೆ ನೋಡ್ತಾವಲ್ಲೇ," ಅಂದರು.

"ಅವಕ್ಕೆ ಗಂಟಲಿಗೆ ಇಳಿಯೋದೇ ಹಾಗೆ, ಅತ್ತೆ."

ದಿನವೂ ಸಂಜೆ ಹಂಡೆ ಏರಿತು. ನೀರು ಕುದಿಯಲು ಹೊತ್ತು ಬೇಕು, ಉರಿಯ ಮುಂದೆ ಕೂರಲು ಸೆಕೆ, ಬಿಟ್ಟುಹೋಗಲು ಆಗುವುದಿಲ್ಲ. ಎರಡು ಮಣೆ ಹಾಕಿಕೊಂಡು ಅತ್ತೆ ಸೊಸೆ ಕೂರುತ್ತಿದ್ದರು. ಎರಡನೆಯ ದಿನವೋ ಮೂರನೆಯ ದಿನವೋ ಅವಳು ಕೇಳಿದಳು. ಹೇಳಿಸಿಕೊಂಡು ಕೇಳಿದ ಹಾಗಾದರೆ ಆಗಲಿ.

"ಹೇಗಿದ್ಲು ಅತ್ತೆ?"

ಅತ್ತೆ ಸೌದೆಯೊಂದನ್ನು ಒಲೆಗೆ ತಳ್ಳಿದರು. ಕಪ್ಪಗಿದ್ಲು ಎಂದರು. ಹಟಮಾರಿ. ನಡೆಯುವುದನ್ನು ಕಲಿಯುವ ಮೊದಲೇ ಬೈಗುಳ ಕಲಿತಿದ್ಲು. ತಮ್ಮ ಹುಟ್ಟಿದಾಗ ಇವನನ್ನು ವಾಪಸು ಕೊಟ್ಟುಬಿಡು ಎಂದು ಒಂದು ದಿನವಿಡೀ ಅತ್ತಿದ್ಲು. ಒಂದೂ ಫೋಟೊ ತೆಗೆಸಿರಲಿಲ್ಲ, ಆ ಕಾಲದಲ್ಲಿ ಯಾರು ತೆಗೆಸುತ್ತಿದ್ದರು? ಈಗ ಮೂಗು ನೆನಪಿದೆ, ಕೈ ನೆನಪಿದೆ, ಪೂರ್ತಿ ಮುಖ ಮಾತ್ರ ಕಣ್ಣಿಗೆ ಕಟ್ಟುವುದಿಲ್ಲ. ಮೊಮ್ಮಗಳು ಜೋರಾಗಿ ಮಾತಾಡುವಾಗ ಒಂದೊಂದು ಸಲ ಬಂದ ಹಾಗಾಗಿ ಹೋಗಿಬಿಡುತ್ತದೆ. ಹೀಗೆ ಒಂದೊಂದು ಸಂಜೆಗೆ ಒಂದೊಂದು ಚೂರು. ಗಂಡನೂ ಸೌದೆ ಒಡೆಯುವ ನೆಪದಲ್ಲಿ ಅಲ್ಲೇ ಸುಳಿದಾಡತೊಡಗಿದ. ಅಷ್ಟು ಸೌದೆ ಬೇಕಾಗಿರಲಿಲ್ಲ. ಚಿನಕುರುಳಿ ಒಂದು ದಿನ, ಅಪ್ಪನನ್ನು ವಾಪಸು ಕೊಡುವ ಅವಕಾಶ ಈಗಲೂ ಇದೆಯಾ ಎಂದು ಕೇಳಿದಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಹೊಗೆ, ಎಂದರು.

ಬಿಸಿಲು ಇಳಿಯಲಿಲ್ಲ. ಆದರೆ ಕೋಳಿಗಳು ಬೀಳುವುದು ಕಡಿಮೆಯಾಯಿತು. ಮಧ್ಯಾಹ್ನ ಏದುಸಿರು ಬಿಟ್ಟರೂ ಸಂಜೆಗೆ ಎದ್ದು ಹೊಟ್ಟು ಕೆದಕುತ್ತಿದ್ದವು. ಒಂದು ದಿನ ಒಂದೂ ಸಾಯಲಿಲ್ಲ. ಮರುದಿನ ಒಂದು ಸತ್ತಿತು. ಆಮೇಲೆ ಕೆಲವು ದಿನ ಗುಂಡಿ ತೋಡುವ ಕೆಲಸ ಇರಲಿಲ್ಲ. ಮೊಟ್ಟೆ ಮಾತ್ರ ಬುಟ್ಟಿಯ ತಳ ಮುಚ್ಚುವಷ್ಟೇ ಬರುತ್ತಿತ್ತು.

ತಿಂಗಳ ಕೊನೆಗೆ ಗಂಡ ಹೇಳಿದ್ದ ಹಾಗೆ ಬಣ್ಣದ ಅಂಗಡಿಯವನು ಬಂದ. ಬಿಳಿ ಅಂಗಿ, ಕೈಯಲ್ಲಿ ಅಳತೆಯ ಟೇಪು. ಶೆಡ್ಡಿನ ಬಾಗಿಲಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿದು, ತೊಳೆಸಿ ಸುಣ್ಣ ಹೊಡೆಸಿಕೊಟ್ಟರೆ ಆಯಿತು ಎಂದ. ಅವಳು ತಿಂಡಿ ಕಲಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ನಿಂತಳು.

ಗಂಡ ಅವಳನ್ನು ಕೇಳಿದ, ಒರಟಾಗಿ ಅಲ್ಲ, "ಎಷ್ಟು ಉಳಿದಿವೆ?"

"ಅರ್ಧ," ಅಂದಳು. ಸುಳ್ಳು ಹೇಳಲಾಗಲಿಲ್ಲ. "ಅರ್ಧಕ್ಕಿಂತ ಸ್ವಲ್ಪ ಮೇಲೆ."

ಅವನು ಬಣ್ಣದ ಅಂಗಡಿಯವನ ಕಡೆ ನೋಡಿ, ಅರ್ಧ ಖಾಲಿಯಾದ ಹಾಗೇ, ಉಳಿದವನ್ನು ಈ ವಾರದಲ್ಲಿ ಮಾಂಸದವನಿಗೆ ಸಾಗಿಸಿಬಿಡಬಹುದು ಎಂದ. ಮಾತು ಮುಗಿಸುವಾಗ ಅವನ ದನಿ ಸಣ್ಣದಾಯಿತು. ಅತ್ತೆ ಹಿಂದೆ ಬಂದು ನಿಂತಿದ್ದರು.

"ಅರ್ಧ ಉಳಿದಿರೋದನ್ನ ಖಾಲಿ ಅಂತಾರೇನೋ?"

"ಅಮ್ಮಾ, ನಿಂಗೆ ಗೊತ್ತಾಗಲ್ಲ, ಇದು ವ್ಯವಹಾರ."

"ನಂಗೆ ಎರಡಿತ್ತು," ಅಂದರು ಅತ್ತೆ. "ಒಂದು ಹೋಯ್ತು, ಒಂದು ಉಳೀತು. ಮನೆ ಖಾಲಿ ಆಯ್ತು ಅಂತ ಉಳಿದಿದ್ದನ್ನ ಯಾರಿಗಾದ್ರೂ ಕೊಟ್ನಾ?"

ಬಣ್ಣದ ಅಂಗಡಿಯವನಿಗೆ ಏನೂ ಅರ್ಥವಾಗಲಿಲ್ಲ. ಆ ಉಳಿದ ಒಂದು, ತಲೆಯಲ್ಲಿ ನರೆ ಮೂಡಿದ, ಉಗುರಿನಲ್ಲಿ ಗ್ರೀಸು ಕಟ್ಟಿದ ಮಗ, ತಾಯಿಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ತುಸು ಹೊತ್ತಿನ ಮೇಲೆ ಅವನೇ ಬಂದವನ ಹೆಗಲ ಮೇಲೆ ಕೈಯಿಟ್ಟು ಓಣಿಯ ಕಡೆ ನಡೆಸಿಕೊಂಡು ಹೋದ. ಬೇರೆ ಕಡೆ ಗೋದಾಮು ನೋಡಿಕೊಡುತ್ತೇನೆ, ಇಲ್ಲಿ ಆಗುವುದಿಲ್ಲ ಎಂದು ಹೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು. ಅವಳು ಬಗ್ಗಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಕಲಸಿದ್ದನ್ನೇ ಕಲಸಿದಳು.

ಆ ಸಂಜೆಯೂ ಹಂಡೆ ಏರಿತು. ನಾಳೆಯೂ ಇದೇ ಬಿಸಿಲು, ನಾಡಿದ್ದೂ. ನೀರು ಇನ್ನೂ ಹಾಡುತ್ತಿತ್ತು, ಕುದಿ ಬಂದಿರಲಿಲ್ಲ.

"ಇದ್ದಿದ್ರೆ ನಿಂಗೆ ನಾದಿನಿ ಆಗ್ತಿದ್ಲು," ಅಂದರು ಅತ್ತೆ. "ಜಗಳ ಆಡ್ತಿದ್ರೇನೋ ನೀವಿಬ್ರೂ."

"ದಿನಾ ಆಡ್ತಿದ್ವಿ ಅತ್ತೆ."

"ಯಾತಕ್ಕೆ ಅಂತ?"

ಅವಳು ಯೋಚಿಸಿದಳು. ರಜಕ್ಕೆ ಬಂದಾಗ ನನ್ನ ಒಳ್ಳೆ ಸೀರೆ ಉಟ್ಕೊಂಡು ಹೋಗ್ತಿದ್ರು ಎಂದಳು. ಅದು ನಿಜ, ಬಟ್ಟೆ ಅಂದ್ರೆ ಪ್ರಾಣ ಅವಳಿಗೆ ಎಂದರು ಅತ್ತೆ. ನಾನು ಮಾಡಿದ ಸಾರಿಗೆ ಉಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳ್ತಿದ್ರು. ಹೇಳ್ತಿದ್ಲು, ಮುಚ್ಚಿಟ್ಟುಕೊಳ್ಳೋದು ಗೊತ್ತಿರಲಿಲ್ಲ ಅವಳಿಗೆ. ಈ ಶೆಡ್ಡಿನಲ್ಲಿ ನಂಗೂ ಪಾಲು ಬೇಕು ಅಂತ ಕೂರ್ತಿದ್ರು. ಕೂರ್ತಿದ್ಲು, ಹಟಮಾರಿ. ಒಂದಾದ ಮೇಲೊಂದು ಜಗಳಗಳನ್ನು ಅವಳು ಹುಡುಕಿ ಹುಡುಕಿ ಕೊಟ್ಟಳು. ಅತ್ತೆ ಒಂದೊಂದಕ್ಕೂ ತಲೆಯಾಡಿಸುತ್ತ, ಒಂದೊಂದನ್ನೂ ತಿದ್ದುತ್ತ ಕುಳಿತರು.

"ಆಗ ನಾನು ಯಾರ ಪರ ಮಾತಾಡ್ತಿದ್ದೆ?"

"ಮಗಳ ಪರ. ಇನ್ಯಾರ ಪರ?"

ಅತ್ತೆ ಉರಿಯ ಕಡೆ ನೋಡಿದರು. ಸೊಸೆಯ ಮಾತನ್ನು ಅಲ್ಲಗಳೆಯಲು ಏನಾದರೂ ಸಿಗುತ್ತದೋ ಎಂದು ಹುಡುಕಿದಂತಿತ್ತು.

"ಹೌದು," ಅಂದರು ಕೊನೆಗೆ, "ಅವಳ ಪರಾನೇ ಮಾತಾಡ್ತಿದ್ದೆ."